ಗೊಬ್ಬರ ಡೋಸಿಂಗ್‌ನಲ್ಲಿ ಇಸಿ ಏರುಪೇರು: ತಪ್ಪು ಪಂಪಿನದೋ, ಮೀಟರಿನದೋ?

ಪಾಂಡವಪುರ_ಪಾಲಿಹೌಸ್

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ಅರ್ಧ ಎಕರೆ ಪಾಲಿಹೌಸ್‌ನಲ್ಲಿ ಕ್ಯಾಪ್ಸಿಕಂ ಹಾಕಿದ್ದೇನೆ. ಬೋರ್ ನೀರು ತೊಟ್ಟಿಗೆ ಬರುತ್ತದೆ. ತೊಟ್ಟಿಯಿಂದ ಮೋಟರ್, ಡಿಸ್ಕ್ ಫಿಲ್ಟರ್, ಆಮೇಲೆ ಪಲ್ಸ್ (ವಿದ್ಯುತ್ ಸಂಕೇತ) ಕೊಡುವ 40 ಎಂಎಂ ನೀರಿನ ಮೀಟರ್. ಅದರ ಮುಂದೆ ಗೊಬ್ಬರದ ದ್ರಾವಣ ಇರುವ ಎ ಟ್ಯಾಂಕ್, ಬಿ ಟ್ಯಾಂಕ್‌ಗೆ ಒಂದೊಂದು ಡೋಸಿಂಗ್ ಪಂಪ್. 10 ಲೀಟರ್ ನೀರು ಹೋದರೆ ಮೀಟರ್ ಒಂದು ಪಲ್ಸ್ ಕೊಡುತ್ತದೆ. ಪ್ರತಿ ಪಲ್ಸ್‌ಗೂ ಒಂದೊಂದು ಪಂಪ್ 50 ಮಿ.ಲೀ. ಹಾಕುವಂತೆ ಕಂಟ್ರೋಲರ್ ಸೆಟ್ ಮಾಡಿದೆ, ಅಂದರೆ 200ಕ್ಕೆ 1.

ಬೋರ್ ನೀರಿನ ಇಸಿ (ನೀರಿನಲ್ಲಿ ಎಷ್ಟು ಲವಣ, ಗೊಬ್ಬರ ಕರಗಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ) 0.7. ಗೊಬ್ಬರ ಸೇರಿ 2.0 ಬರಬೇಕು. ಬೆಳಗ್ಗೆ ಮೊದಲ ವಾಲ್ವ್ ತೆಗೆದಾಗ ಡ್ರಿಪ್ಪರ್ ಕೆಳಗೆ ಲೋಟ ಹಿಡಿದು ನೋಡಿದರೆ 3 ಬರುತ್ತಿದೆ. ಸ್ವಲ್ಪ ಹೊತ್ತಾದ ಮೇಲೆ 1.8ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮೊದಲ ವಾಲ್ವ್‌ನ ಸಾಲುಗಳಲ್ಲಿ ಎಲೆಯ ಅಂಚು ಸುಡುತ್ತಿದೆ, ಕೊನೆಯ ಸಾಲುಗಳಲ್ಲಿ ಗಿಡ ಪೇಲವವಾಗಿದೆ.

ಮೆಕ್ಯಾನಿಕ್ ಬಂದು ಎರಡೂ ಪಂಪಿನ ಡಯಾಫ್ರಾಮ್, ವಾಲ್ವ್ ಬದಲಿಸಿ ಹೋದರು. ಏನೂ ಫರಕ್ಕಾಗಲಿಲ್ಲ. ಈಗ ಪಂಪೇ ಹೊಸದು ತಗೊಳ್ಳಿ ಅನ್ನುತ್ತಿದ್ದಾರೆ. ತಗೊಳ್ಳಲೇಬೇಕಾ? ತಿಳಿದವರು ಹೇಳಿ.

ಹೂಟಗಳ್ಳಿ_ಮೆಂಟೆನೆನ್ಸ್

ಪಂಪ್ ತಗೊಳ್ಳೋದು ನಿಲ್ಲಿಸಿ ಸಾರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ. ಡೋಸಿಂಗ್ ಪಂಪ್ ತಾನಾಗಿ ಏನೂ ಯೋಚನೆ ಮಾಡುವುದಿಲ್ಲ. ಮೀಟರ್ ಎಷ್ಟು ಪಲ್ಸ್ ಕೊಡುತ್ತದೋ ಅಷ್ಟು ಹೊಡೆಯುತ್ತದೆ. ಮೀಟರ್ ಸುಳ್ಳು ಹೇಳಿದರೆ ಪಂಪ್ ಆ ಸುಳ್ಳನ್ನೇ ನಿಷ್ಠೆಯಿಂದ ಪಾಲಿಸುತ್ತದೆ. ನಾನು ಫ್ಯಾಕ್ಟರಿಯಲ್ಲಿ ಆರ್‌ಒ ಪ್ಲಾಂಟ್ ನೋಡಿಕೊಳ್ಳುತ್ತೇನೆ. ಅಲ್ಲೂ ಇದೇ ಕಥೆ. ಕೆಮಿಕಲ್ ಹೆಚ್ಚುಕಮ್ಮಿ ಆದ ತಕ್ಷಣ ಎಲ್ಲರೂ ಪಂಪ್ ಬಿಚ್ಚಲು ಓಡುತ್ತಾರೆ. ಮೀಟರಿನ ಗಾಜು ಒರೆಸಿ ನೋಡುವವರೇ ಇಲ್ಲ.

ಮೊದಲು ಎಲ್ಲಿ ತಪ್ಪಿದೆ ಅಂತ ಬೇರೆ ಬೇರೆ ಮಾಡಿ ನೋಡಿ. ಪಂಪಿನ ಸಕ್ಷನ್ ಪೈಪನ್ನು ಟ್ಯಾಂಕಿನಿಂದ ತೆಗೆದು ಅಳತೆ ಜಾರಿನಲ್ಲಿ ಬಿಡಿ. 10 ಪಲ್ಸ್‌ಗೆ 500 ಮಿ.ಲೀ. ಇಳಿದರೆ ಪಂಪ್ ನಿರಪರಾಧಿ. ಆಮೇಲೆ ಮೀಟರಿನ ಡಯಲ್ ಮತ್ತು ಕಂಟ್ರೋಲರ್ ಎಣಿಕೆ ತಾಳೆ ನೋಡಿ. ಡಯಲ್‌ನಲ್ಲಿ 1000 ಲೀಟರ್ ಓಡಿದರೆ ಕಂಟ್ರೋಲರ್‌ನಲ್ಲಿ 100 ಪಲ್ಸ್ ಬಂದಿರಬೇಕು. ಬಂದಿಲ್ಲ ಅಂದರೆ ವೈರು ಇಲ್ಲವೇ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದಾಗ ಮುಚ್ಚಿ ಪಲ್ಸ್ ಕೊಡುವ ಸ್ವಿಚ್) ನೋಡಬೇಕು. ಅದೂ ಸರಿ ಇದ್ದರೆ ಡಯಲ್ ಹೇಳುವ ನೀರು, ನಿಜವಾದ ನೀರು ಎರಡೂ ಒಂದೇನಾ ಅಂತ ಡ್ರಮ್ ಹಿಡಿದು ನೋಡಿ.

ಒಂದು ಮಾತು. 200 ಲೀಟರ್ ಡ್ರಮ್ ಅಂತ ಮಾರುವ ಡ್ರಮ್ಮಿಗೆ ಕಂಠದವರೆಗೆ ತುಂಬಿಸಿದರೆ 200ಕ್ಕಿಂತ ಜಾಸ್ತಿ ಹಿಡಿಯುತ್ತದೆ. ತಕ್ಕಡಿಯಲ್ಲಿ ತೂಕ ಹಾಕಿದ ನೀರನ್ನು ಕ್ಯಾನ್ ಕ್ಯಾನ್ ಆಗಿ ಸುರಿದು ಗೆರೆ ಹಾಕಿಕೊಳ್ಳಿ. ಒಂದು ಕೆಜಿ ಅಂದರೆ ಒಂದು ಲೀಟರ್, ಅಷ್ಟೇ.

ನಾಗಮಂಗಲ_ಬೋರ್‌ವೆಲ್

ಅಣ್ಣ, ಇಷ್ಟೆಲ್ಲ ಯಾಕೆ? ಮೀಟರ್, ಕಂಟ್ರೋಲರ್ ಎಲ್ಲ ಕಿತ್ತು ವೆಂಚುರಿ (ನೀರಿನ ಓಟದಿಂದಲೇ ಗೊಬ್ಬರ ಎಳೆದುಕೊಳ್ಳುವ ಕಿರಿದಾದ ಪೈಪ್) ಹಾಕಿ. ಕರೆಂಟೂ ಬೇಡ, ಪಲ್ಸೂ ಬೇಡ. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂದರೆ ಮೀಟರ್ ಒಳಗೆ ಸುಣ್ಣ ಕಟ್ಟಿ ಚಕ್ರವೇ ತಿರುಗುವುದಿಲ್ಲ.

ಕ್ಯಾಪ್ಸಿಕಂ_ಅಕ್ಕ

ವೆಂಚುರಿ ಕಬ್ಬಿಗೆ, ಬಾಳೆಗೆ ಸರಿ ಅಣ್ಣ. ಪಾಲಿಹೌಸ್‌ನಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲಿರುವ ಗಿಡಕ್ಕೆ ಸಾಲದು. ವೆಂಚುರಿ ಎಳೆಯಬೇಕಾದರೆ ಲೈನಿನ ಒತ್ತಡದಲ್ಲಿ ಸುಮಾರು ಮೂರನೇ ಒಂದು ಪಾಲು ಕಳೆದುಕೊಳ್ಳಬೇಕು. ಒಂದು ವಾಲ್ವ್ ಮುಚ್ಚಿ ಇನ್ನೊಂದು ತೆಗೆದಾಗ ಒತ್ತಡ ಬದಲಾಗಿ ಎಳೆತವೂ ಬದಲಾಗುತ್ತದೆ. ಮಣ್ಣಾದರೆ ಹೆಚ್ಚುಕಮ್ಮಿಯನ್ನು ತಡೆದುಕೊಳ್ಳುತ್ತದೆ. ಕೊಕೊಪೀಟ್ ಚೀಲದಲ್ಲಿ ಇವತ್ತಿನ ತಪ್ಪು ನಾಳೆ ಬೆಳಗ್ಗೆ ಎಲೆಯಲ್ಲಿ ಕಾಣಿಸುತ್ತದೆ.

ಪಾಂಡವಪುರದವರೇ, ಡೋಸಿಂಗ್ ಮಾಡುವ ಜಾಗದ ನಾಜಲ್ ಬಿಚ್ಚಿ ನೋಡಿ. ಬಿಳಿ ಪುಡಿ ಕಟ್ಟಿದ್ದರೆ ಎ, ಬಿ ಎರಡೂ ತೀರ ಹತ್ತಿರ ಬೆರೆಯುತ್ತಿವೆ ಅಂತ ಅರ್ಥ. ಕ್ಯಾಲ್ಸಿಯಂ ನೈಟ್ರೇಟ್ ಒಂದು ಕಡೆ, ಸಲ್ಫೇಟ್ ಮತ್ತು ರಂಜಕದ ಗೊಬ್ಬರ ಇನ್ನೊಂದು ಕಡೆ ಇಟ್ಟಿರುವುದು ಅದಕ್ಕೇ ಅಲ್ವಾ? ಗಟ್ಟಿ ದ್ರಾವಣದಲ್ಲಿ ಎರಡೂ ಸೇರಿದರೆ ಜಿಪ್ಸಂ ಆಗಿ ತಳ ಸೇರುತ್ತದೆ.

ಪಾಂಡವಪುರ_ಪಾಲಿಹೌಸ್

ಹೇಳಿದ ಹಾಗೆ ಮಾಡಿದೆ. ಜಾರ್ ಪರೀಕ್ಷೆ ಪಾಸ್. ಎರಡೂ ಪಂಪ್ 10 ಪಲ್ಸ್‌ಗೆ 500ರ ಆಸುಪಾಸಿನಲ್ಲೇ ಇಳಿಸುತ್ತಿವೆ. ಡಯಲ್, ಕಂಟ್ರೋಲರ್ ಎಣಿಕೆ ಎರಡೂ ಒಂದೇ. ನಾಜಲ್ ಶುದ್ಧವಾಗಿದೆ ಅಕ್ಕ. ಆದರೆ ಡ್ರಮ್ಮಿನಲ್ಲಿ ಸಿಕ್ಕಿಬಿತ್ತು. ಲೈನ್ ಚೆನ್ನಾಗಿ ಓಡುವಾಗ ಗೆರೆವರೆಗೆ 200 ಲೀಟರ್ ತುಂಬಿಸಿದರೆ ಡಯಲ್‌ನಲ್ಲಿ 170 ಮಾತ್ರ ತೋರಿಸುತ್ತದೆ.

ನೀರು ಕಮ್ಮಿ ಅಂತ ತೋರಿಸಿದರೆ ಗೊಬ್ಬರ ಕಮ್ಮಿ ಹೋಗುತ್ತದೆ, ಒಪ್ಪಿದೆ. ಹಾಗಾದರೆ ಬೆಳಗ್ಗೆ 3 ಯಾಕೆ ಬರುತ್ತದೆ?

ಹೂಟಗಳ್ಳಿ_ಮೆಂಟೆನೆನ್ಸ್

ಲೆಕ್ಕ ಸರಿಯಾಗಿ ಕೂರುತ್ತಿದೆ ನೋಡಿ. 2.0ರಲ್ಲಿ ನೀರಿನ 0.7 ಕಳೆದರೆ ಗೊಬ್ಬರದಿಂದ ಬರಬೇಕಾದ್ದು 1.3. ಮೀಟರ್ 200ಕ್ಕೆ 170 ಅಂದರೆ ನೂರಕ್ಕೆ 85. 1.3ರಲ್ಲಿ 85 ಪರ್ಸೆಂಟ್ ಸುಮಾರು 1.1. ಅದಕ್ಕೆ 0.7 ಸೇರಿಸಿದರೆ 1.8. ನಿಮ್ಮ ಲೋಟದಲ್ಲಿ ಬಂದದ್ದೂ ಅದೇ. ಅಲ್ಲಿಗೆ ಹಗಲಿನ ಕೊರತೆಗೆ ಕಾರಣ ಸಿಕ್ಕಿತು, ಮೀಟರ್ ಒಳಗೆ ಏನೋ ಕಟ್ಟಿಕೊಂಡಿದೆ.

ಬೆಳಗಿನದ್ದು ಬೇರೆ ರೋಗ. ಎರಡು ಅನುಮಾನ ಇವೆ. ಮೊದಲನೆಯದು ಗಾಳಿ. ರಾತ್ರಿಯೆಲ್ಲ ಪೈಪಿನ ನೀರು ತಗ್ಗಿನ ಡ್ರಿಪ್ಪರ್‌ಗಳಿಂದ ಇಳಿದು ಹೋಗಿರುತ್ತದೆ, ಆ ಜಾಗದಲ್ಲಿ ಗಾಳಿ ತುಂಬಿರುತ್ತದೆ. ಮೋಟರ್ ಶುರುವಾದಾಗ ಆ ಗಾಳಿ ಮೀಟರ್ ಮೂಲಕ ನುಗ್ಗುತ್ತದೆ. ಚಕ್ರಕ್ಕೆ ಗಾಳಿ ಯಾವುದು, ನೀರು ಯಾವುದು ಗೊತ್ತಾಗಲ್ಲ. ಎರಡನೆಯದು ಬಾಕಿ ಪಲ್ಸ್. ಕೆಲವು ಕಂಟ್ರೋಲರ್‌ಗಳು ಪಂಪಿನ ಶಕ್ತಿ ಮೀರಿ ಪಲ್ಸ್ ಬಂದರೆ ನೆನಪಿಟ್ಟುಕೊಂಡು ಆಮೇಲೆ ಹೊಡೆಯುತ್ತವೆ, ನೀರು ನಿಂತ ಮೇಲೂ ಕೂಡ. ಆ ಗಟ್ಟಿ ಗೊಬ್ಬರ ಸಬ್‌ಮೇನ್‌ನಲ್ಲಿ (ಸಾಲುಗಳಿಗೆ ನೀರು ಹಂಚುವ ಪೈಪಿನಲ್ಲಿ) ರಾತ್ರಿ ಪೂರ್ತಿ ಕೂತು ಬೆಳಗ್ಗೆ ಮೊದಲ ಸಾಲಿಗೆ ಇಳಿಯುತ್ತದೆ.

ಯಾವುದು ಅಂತ ತಿಳಿಯಲು ಉಪಕರಣ ಬೇಡ, ಕಣ್ಣು ಸಾಕು. ಬೆಳಗ್ಗೆ ಮೋಟರ್ ಹಾಕುವಾಗ ಒಬ್ಬರು ಡಯಲ್ ಹತ್ತಿರ ಕೂರಿ. ಸಂಜೆ ಮೋಟರ್ ಆಫ್ ಮಾಡಿದ ಮೇಲೆ ಪಂಪ್ ಟಕ್ ಟಕ್ ಅನ್ನುತ್ತಲೇ ಇದೆಯಾ ಕೇಳಿ.

ಮೀಟರ್ ಕೂರಿಸಿರುವ ಜಾಗವನ್ನೂ ತಿಳಿಸಿ.

ನೀರುಗಂಟಿ_ಮದ್ದೂರು

ಗಾಳಿ ವಿಷಯ ನೂರಕ್ಕೆ ನೂರು ಸತ್ಯ ಸ್ವಾಮಿ. ನಾನು ಊರಿನ ನೀರು ಬಿಡುವವನು. ವಾಲ್ವ್ ತೆಗೆದ ತಕ್ಷಣ ನಲ್ಲಿಯಲ್ಲಿ ಬುಸ್ ಅಂತ ಗಾಳಿ ಬರುತ್ತದೆ, ಮನೆ ಮೀಟರ್ ಗಿರಗಿರ ತಿರುಗುತ್ತದೆ, ಬಿಂದಿಗೆಗೆ ಹನಿ ನೀರು ಬಿದ್ದಿರುವುದಿಲ್ಲ. ಜನ ನನ್ನ ಮೇಲೆ ಕೂಗಾಡುತ್ತಾರೆ. ದಿನಕ್ಕೆ ಒಂದು ಹೊತ್ತು ಬಿಡುವ ನೀರಿನಲ್ಲಿ ಇದು ತಪ್ಪಿದ್ದಲ್ಲ.

ನಮ್ಮ ಟ್ಯಾಂಕಿನ ಕ್ಲೋರಿನ್ ಡೋಸರ್ ಕೂಡ ಮೀಟರ್ ನಂಬಿಕೊಂಡೇ ಓಡುತ್ತದೆ. ನಾನು ಅದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಟ್ಯಾಂಕ್ 50,000 ಲೀಟರಿನದು. ಲೀಟರಿಗೆ 1 ಮಿಲಿಗ್ರಾಂ ಬೇಕು ಅಂದರೆ 50 ಗ್ರಾಂ ಕ್ಲೋರಿನ್. ಬ್ಲೀಚಿಂಗ್ ಪೌಡರಿನಲ್ಲಿ 30 ಪರ್ಸೆಂಟ್ ಕ್ಲೋರಿನ್ ಇದ್ದರೆ ಹೆಚ್ಚುಕಮ್ಮಿ 167 ಗ್ರಾಂ ಪೌಡರ್. ಈ ಲೆಕ್ಕಕ್ಕೂ ಡ್ರಮ್ಮಿನಲ್ಲಿ ಖರ್ಚಾಗಿರುವುದಕ್ಕೂ ತಾಳೆ ಆಗದಿದ್ದರೆ ಮೀಟರ್ ಮೇಲೇ ಅನುಮಾನ. ಕೊನೆಗೆ ಊರಾಚೆಯ ಕೊನೇ ನಲ್ಲಿಯಲ್ಲಿ ಕ್ಲೋರೋಸ್ಕೋಪ್ (ಬಣ್ಣ ನೋಡಿ ಉಳಿದ ಕ್ಲೋರಿನ್ ಅಳೆಯುವ ಕಿಟ್) ಹಿಡಿಯುತ್ತೇನೆ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಅನ್ನುವುದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಮಾತು. ಹಳದಿ ಬಣ್ಣ ಬರಲಿಲ್ಲ ಅಂದರೆ ಡೋಸರ್ ಡಿಸ್‌ಪ್ಲೇ ಏನು ತೋರಿಸಿದರೇನು?

ಸರ್ಕ್ಯೂಟ್_ಹುಡುಗ

ಸಾರ್, ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಳೇ ಮೀಟರ್ ಬದಲು ವೈಎಫ್-ಎಸ್201 ನೀರಿನ ಹರಿವಿನ ಸೆನ್ಸರ್ ಹಾಕಿ ಆರ್ಡುಯಿನೋ ಅನ್ನುವ ಸಣ್ಣ ಪ್ರೋಗ್ರಾಂ ಬೋರ್ಡಿಗೆ ಕೊಟ್ಟರೆ ಆಗಲ್ವಾ? ಲೀಟರಿಗೆ 450 ಪಲ್ಸ್ ಕೊಡುತ್ತದೆ. 10 ಲೀಟರಿಗೆ ಒಂದು ಪಲ್ಸ್ ಅನ್ನುವುದಕ್ಕಿಂತ ಎಷ್ಟೋ ನಿಖರ ಅಲ್ವಾ?

ಹೂಟಗಳ್ಳಿ_ಮೆಂಟೆನೆನ್ಸ್

ತಮ್ಮ, ಪಲ್ಸ್ ಜಾಸ್ತಿ ಇದ್ದರೆ ಹಂತ ಸಣ್ಣದಾಗುತ್ತದೆ. ಅದಕ್ಕೂ ನಿಖರತೆಗೂ ಸಂಬಂಧವಿಲ್ಲ. ಆ ಸೆನ್ಸರ್ ಅರ್ಧ ಇಂಚಿನದು, ನಿಮಿಷಕ್ಕೆ 1ರಿಂದ 30 ಲೀಟರ್‌ಗೆ ಮಾಡಿದ್ದು. ಇವರ ಲೈನಿನಲ್ಲಿ ಎಷ್ಟು ಹರಿಯುತ್ತದೆ ಅಂತ ಮೊದಲು ಕೇಳಬೇಕು. ಮನೆಯ ತಾರಸಿ ತೋಟಕ್ಕೆ ಹಾಕು, ಚೆನ್ನಾಗಿರುತ್ತದೆ. ಆದರೆ 450 ಅನ್ನುವುದನ್ನು ಹಾಗೇ ನಂಬಬೇಡ, ಬಕೆಟ್ ಅಳೆದು ನಿನ್ನದೇ ಸಂಖ್ಯೆ ತೆಗೆದುಕೋ.

ವೈರಿನ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ಎಲ್ಲರಿಗೂ ಬೇಕಾದದ್ದು. ಸೆನ್ಸರ್ ವೈರನ್ನು ಮೋಟರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆದರೆ ದೆವ್ವದ ಪಲ್ಸ್ ಬರುತ್ತವೆ. ಪರೀಕ್ಷೆ ಸುಲಭ. ನೀರು ನಿಂತಿರುವಾಗ, ಮೋಟರ್ ವೈರ್ ಬಿಚ್ಚಿಸಿ, ಸ್ಟಾರ್ಟರ್ ಕಾಂಟ್ಯಾಕ್ಟರ್ ಮಾತ್ರ ಆನ್ ಆಫ್ ಮಾಡಿಸಿ. ಕಂಟ್ರೋಲರ್ ಎಣಿಕೆ ಏರಿದರೆ ಅದು ನೀರಿನ ಪಲ್ಸ್ ಅಲ್ಲ. ಶೀಲ್ಡ್ ಇರುವ ವೈರ್ ಬೇರೆ ದಾರಿಯಲ್ಲಿ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ. ರೀಡ್ ಸ್ವಿಚ್ ಮುಚ್ಚುವಾಗ ಒಂದೆರಡು ಸಲ ಅದುರುತ್ತದೆ, ಅದನ್ನೇ ಎರಡು ಮೂರು ಪಲ್ಸ್ ಅಂತ ಎಣಿಸುವ ಕಂಟ್ರೋಲರ್‌ಗಳಿವೆ. ಪ್ರೋಗ್ರಾಂನಲ್ಲಿ ಡಿಬೌನ್ಸ್ (ಒಂದು ಪಲ್ಸ್ ಬಂದ ಮೇಲೆ ಅದುರುವುದನ್ನು ಎಣಿಸದೆ ಬಿಡುವ ಸಮಯ) 20ರಿಂದ 50 ಮಿಲಿಸೆಕೆಂಡ್ ಇಟ್ಟರೆ ನಿಲ್ಲುತ್ತದೆ. ಆದರೆ ನಿನ್ನ 450 ಪಲ್ಸ್ ಸೆನ್ಸರ್‌ಗೆ ಅಷ್ಟು ಇಟ್ಟರೆ ನಿಜವಾದ ಪಲ್ಸೂ ತಪ್ಪಿಹೋಗುತ್ತದೆ, ಜ್ಞಾಪಕ ಇರಲಿ.

ಪಾಂಡವಪುರ_ಪಾಲಿಹೌಸ್

ನೀರು ಗಂಟೆಗೆ 6000 ಲೀಟರ್, ನಿಮಿಷಕ್ಕೆ 100. ತಮ್ಮನ ಸೆನ್ಸರ್ ತಡೆಯುವುದಿಲ್ಲ ಬಿಡಿ.

ಬೆಳಗ್ಗೆ ಡಯಲ್ ಹತ್ತಿರ ಕೂತು ನೋಡಿದೆ. ಮೋಟರ್ ಹಾಕಿದ್ದೇ ತಡ, ಕೆಂಪು ಮುಳ್ಳು ಕಣ್ಣಿಗೆ ಕಾಣದಷ್ಟು ಜೋರಾಗಿ ಸುತ್ತಿತು. ಗಾಜಿನ ಕೆಳಗೆ ಗುಳ್ಳೆ ಓಡುವುದೂ ಕಂಡಿತು. ಆ ಹೊತ್ತಿನಲ್ಲಿ ಎರಡೂ ಪಂಪ್ ಬಿಡುವಿಲ್ಲದೆ ಹೊಡೆಯುತ್ತಿದ್ದವು, ಡ್ರಿಪ್ಪರ್‌ನಲ್ಲಿ ಇನ್ನೂ ಹನಿ ಶುರುವಾಗಿರಲಿಲ್ಲ. ಮುಳ್ಳು ನಿಧಾನ ಆದ ಮೇಲೂ ಪಂಪ್ ಮೊದಲಿನ ಜೋರಿನಲ್ಲೇ ಓಡಿತು, ಆಮೇಲೆ ಇಳಿಯಿತು. ಸಂಜೆ ಮೋಟರ್ ನಿಂತಾಗ ಮಾತ್ರ ಪಂಪ್ ತಕ್ಷಣ ನಿಂತಿತು.

ಮೀಟರ್ ಇರುವುದು ಶೆಡ್ಡಿನ ಗೋಡೆ ಮೇಲೆ, ಎದೆ ಎತ್ತರದಲ್ಲಿ. ಓದಲು ಅನುಕೂಲ ಅಂತ ಡಯಲನ್ನು ಮುಂದಕ್ಕೆ ವಾಲಿಸಿ ಕೂರಿಸಿದ್ದಾರೆ. ಅದನ್ನು ದಾಟಿದ ಮೇಲೆ ಪೈಪ್ ನೆಲಕ್ಕೆ ಇಳಿಯುತ್ತದೆ.

ಹೂಟಗಳ್ಳಿ_ಮೆಂಟೆನೆನ್ಸ್

ಲೈನಿನಲ್ಲಿ ಅತಿ ಎತ್ತರದ ಜಾಗಕ್ಕೇ ಮೀಟರ್ ಹಾಕಿದ್ದಾರೆ! ಗಾಳಿ ಬಂದು ಕೂರುವುದೂ ಅಲ್ಲೇ.

ನಡೆದದ್ದು ಹೀಗೆ. ಮಾಮೂಲಿ ಓಟದಲ್ಲಿ ನಿಮಿಷಕ್ಕೆ 10 ಪಲ್ಸ್, ಅಂದರೆ ಪಂಪ್ 500 ಮಿ.ಲೀ. ಹಾಕಬೇಕು, ಗಂಟೆಗೆ 30 ಲೀಟರ್. ಗಾಳಿ ನುಗ್ಗಿದಾಗ ಪಲ್ಸ್ ಮೂರು ನಾಲ್ಕು ಪಟ್ಟು ಆಗುತ್ತದೆ. ಪಂಪಿಗೆ ಅಷ್ಟು ಶಕ್ತಿ ಇಲ್ಲ. ಕಂಟ್ರೋಲರ್ ಉಳಿದದ್ದನ್ನು ಬಾಕಿ ಇಟ್ಟುಕೊಂಡು, ನೀರು ಬಂದ ಮೇಲೆ ಅದನ್ನೂ ಸೇರಿಸಿ ತೀರಿಸುತ್ತದೆ. ಎರಡೂ ಅನುಮಾನ ಒಂದಕ್ಕೊಂದು ಜೋಡಿಯಾಗಿ ಬಂದಿವೆ.

ಮೀಟರನ್ನು ಕೆಳಗೆ ತನ್ನಿ. ಲೈನಿನಲ್ಲಿ ಯು ಆಕಾರದ ತಗ್ಗು ಮಾಡಿ ಅದರ ತಳದಲ್ಲಿ ಕೂರಿಸಿದರೆ ಮೋಟರ್ ನಿಂತಾಗಲೂ ಮೀಟರ್ ತುಂಬಾ ನೀರು ನಿಂತಿರುತ್ತದೆ. ಮಲ್ಟಿಜೆಟ್ ಮೀಟರಾದರೆ (ಚಕ್ರಕ್ಕೆ ಹಲವು ಕಡೆಯಿಂದ ನೀರು ಹೊಡೆಯುವುದು) ಪೈಪ್ ಮಟ್ಟವಾಗಿ, ಡಯಲ್ ಆಕಾಶ ನೋಡುವಂತೆ ಇರಲಿ. ವಾಲಿಸಿದರೆ ಚಕ್ರದ ಭಾರ ಬೇರಿಂಗಿನ ಒಂದೇ ಪಕ್ಕಕ್ಕೆ ಬಿದ್ದು ಸವೆಯುತ್ತದೆ, ಕಮ್ಮಿ ಹರಿವನ್ನು ಎಣಿಸುವುದೇ ಇಲ್ಲ. ಮೀಟರಿಗಿಂತ ಮೊದಲು ಇರುವ ಎತ್ತರದ ಜಾಗದಲ್ಲಿ ಏರ್ ವಾಲ್ವ್ ಹಾಕಿ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿದೆಯಾ ನೋಡಿ. ಕಂಟ್ರೋಲರ್‌ನಲ್ಲಿ ಸ್ಟಾರ್ಟ್ ಡಿಲೇ ಇದ್ದರೆ ಮೋಟರ್ ಹಾಕಿ ಎರಡು ಮೂರು ನಿಮಿಷ ಬರೀ ನೀರು ಹೋಗಲಿ. ಪಲ್ಸ್ ಬಾಕಿ ಇಡುವ ಸೆಟಿಂಗ್ ಆಫ್ ಮಾಡಿ.

ಪ್ಯಾಡಲ್ ಸೆನ್ಸರ್ ಅಥವಾ ವೋಲ್ಟ್‌ಮನ್ ಮೀಟರ್ (ಪೈಪಿನ ನಡುವೆ ಫ್ಯಾನಿನಂಥ ಚಕ್ರ ಇರುವುದು) ಇರುವವರು ಇನ್ನೊಂದು ಗಮನಿಸಿ. ಎಲ್ಬೋ ದಾಟಿದ ಕೂಡಲೇ ನೀರು ಸುಳಿ ಸುತ್ತುತ್ತದೆ. ಮೀಟರಿಗೆ ಮೊದಲು ಪೈಪಿನ ವ್ಯಾಸದ 10 ಪಟ್ಟು, ಆಮೇಲೆ 5 ಪಟ್ಟು ನೇರ ಪೈಪ್ ಬಿಡುವುದು ವಾಡಿಕೆ. 40 ಎಂಎಂಗೆ 40 ಸೆಂ.ಮೀ., 20 ಸೆಂ.ಮೀ. ಆಯಿತು.

ಕ್ಯಾಪ್ಸಿಕಂ_ಅಕ್ಕ

ಹೇಗೂ ಬಿಚ್ಚುತ್ತೀರಲ್ಲ, ಆಗಲೇ ತೊಳೆದುಬಿಡಿ. ಮೋಟರ್ ಆಫ್, ಎರಡೂ ಕಡೆ ವಾಲ್ವ್ ಮುಚ್ಚಿ, ಒತ್ತಡ ಇಳಿಸಿದ ಮೇಲೆ ಕೈ ಹಾಕಿ. ಒಳಗೆ ಹೋಗುವ ಬಾಯಿಯಲ್ಲಿ ಸಣ್ಣ ಜಾಲರಿ ಇರುತ್ತದೆ, ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಚಕ್ರವನ್ನು ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಹಾಕಿ, ಮೆತ್ತನೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ತಂತಿ ಬ್ರಷ್, ಸ್ಕ್ರೂಡ್ರೈವರ್ ತುದಿ ಬೇಡ. ಎಣಿಸುವ ಡಯಲ್ ಭಾಗ ನೀರಿಗೆ ಹಾಕಬೇಡಿ. ರಬ್ಬರ್ ವಾಷರ್‌ಗೆ ಸಿಲಿಕಾನ್ ಗ್ರೀಸ್ ಹಚ್ಚಿ. ಗಾಡಿಗೆ ಹಾಕುವ ಗ್ರೀಸ್ ಹಚ್ಚಿದರೆ ಇಪಿಡಿಎಂ ರಬ್ಬರ್ ಊದಿಕೊಳ್ಳುತ್ತದೆ.

ಡ್ರಿಪ್ ಲೈನಿಗೆ ಆಸಿಡ್ ಬಿಡುವವರು ಮೀಟರ್ ದಾಟಿದ ಮೇಲಿನ ಪಾಯಿಂಟಿನಿಂದಲೇ ಬಿಡಿ, ಹಿತ್ತಾಳೆ ಬಾಡಿ ತಿಂದುಹೋಗುತ್ತದೆ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಸುರಿಯಬಾರದು. ಬ್ಲೀಚಿಂಗ್ ಇದ್ದ ಬಕೆಟ್‌ಗೆ ಆಸಿಡ್ ಸೋಕಿಸಲೇಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ನೀರುಗಂಟಿ_ಮದ್ದೂರು

ತಾಯೀ, ಒಂದು ಸೇರಿಸುತ್ತೇನೆ. ಇದೆಲ್ಲ ನಿಮ್ಮ ಸ್ವಂತ ಮೀಟರ್‌ಗೆ. ಬಿಲ್ ಬರುವ ನಲ್ಲಿ ಮೀಟರಿನ ಸೀಲ್ ಮುಟ್ಟಬೇಡಿ. ಆಮೇಲೆ ತೊಳೆಯಲು ಬಿಚ್ಚಿದೆ ಅಂದರೆ ಯಾರೂ ಕೇಳಲ್ಲ.

ಪಾಂಡವಪುರ_ಪಾಲಿಹೌಸ್

ಬಿಚ್ಚಿದೆ. ಜಾಲರಿಯಲ್ಲಿ ಟೆಫ್ಲಾನ್ ಟೇಪಿನ ಎಳೆಗಳು, ಚಿಪ್ಪಿನ ಚೂರು. ಚಕ್ರದ ಮೇಲಿನ ಮ್ಯಾಗ್ನೆಟ್ ಸುತ್ತ ಕಪ್ಪಗೆ ಕಾಡಿಗೆಯಂಥ ಜಿಡ್ಡು ಮೆತ್ತಿತ್ತು. ಬೆರಳಿಂದ ಒರೆಸಿದರೆ ಮರಳಿನಂತೆ ಕರಕರ ಅನ್ನುತ್ತದೆ. ಚಕ್ರವನ್ನು ಕೈಯಲ್ಲಿ ಹಿಡಿದು ಊದಿದರೂ ತಿರುಗುತ್ತಿರಲಿಲ್ಲ.

ತೊಳೆದು, ಮೀಟರ್ ತಗ್ಗಿಗೆ ಇಳಿಸಿ, ಏರ್ ವಾಲ್ವ್ ಹಾಕಿಸಿದೆ. ಈಗ 200 ಲೀಟರಿಗೆ ಡಯಲ್ 197 ತೋರಿಸುತ್ತದೆ. ಬೆಳಗ್ಗೆ ಮೊದಲ ಲೋಟದಲ್ಲಿ 2.1, ಆಮೇಲೆ 2.0. ಆ 3 ಲೀಟರ್ ವ್ಯತ್ಯಾಸವನ್ನು ಕಂಟ್ರೋಲರ್‌ನಲ್ಲಿ ಸರಿ ಮಾಡಬೇಕಾ?

ಹೂಟಗಳ್ಳಿ_ಮೆಂಟೆನೆನ್ಸ್

ಬೇಡ. ಒಂದೂವರೆ ಪರ್ಸೆಂಟ್ ಅದು. ನೀರಿನ ಮೀಟರಿನ ಮಾನಕ ಐಎಸ್ 779 ಪ್ರಕಾರ ಹೊಸ ಮೀಟರಿಗೇ ಮಾಮೂಲಿ ಹರಿವಿನಲ್ಲಿ 2 ಪರ್ಸೆಂಟ್ ಆಚೀಚೆ, ತೀರ ಕಮ್ಮಿ ಹರಿವಿನಲ್ಲಿ 5 ಪರ್ಸೆಂಟ್ ಆಚೀಚೆ ಬಿಟ್ಟಿದ್ದಾರೆ. ನಿಮ್ಮ ಡ್ರಮ್ಮಿನ ಗೆರೆಯಲ್ಲೇ ಅರ್ಧ ಪರ್ಸೆಂಟ್ ತಪ್ಪಿರಬಹುದು. ಸಂಖ್ಯೆ ತಿದ್ದುತ್ತಾ ಹೋದರೆ ಮುಂದೆ ಮೀಟರ್ ನಿಜವಾಗಿ ಕೆಟ್ಟಾಗ ಗೊತ್ತಾಗುವುದೇ ಇಲ್ಲ. ಕೊಳೆಯನ್ನು ಸಾಫ್ಟ್‌ವೇರಿನಲ್ಲಿ ತೊಳೆಯಬಾರದು ಅನ್ನುವುದು ನನ್ನ ಹಟ.

ಕಪ್ಪು ಜಿಡ್ಡು ಕಬ್ಬಿಣದ ತುಕ್ಕಿನ ಪುಡಿ. ಜಿಐ ಪೈಪ್, ಬೋರ್ ಕೇಸಿಂಗ್ ಇರುವ ಕಡೆ ಮ್ಯಾಗ್ನೆಟ್ ಇರುವ ಪ್ರತಿ ಸೆನ್ಸರ್‌ಗೂ ಅಂಟುತ್ತದೆ. ಮತ್ತೆ ಬರುತ್ತದೆ. ಶೆಡ್ಡಿನಲ್ಲಿ ಒಂದು ನೋಟ್‌ಬುಕ್ ಕಟ್ಟಿ. ದಿನಾ ಡಯಲ್ ಎಷ್ಟು, ಗೊಬ್ಬರದ ಟ್ಯಾಂಕ್ ಎಷ್ಟು ಇಳಿಯಿತು, ಅಷ್ಟೇ ಬರೆಯಿರಿ. 10,000 ಲೀಟರ್ ನೀರಿಗೆ ಪ್ರತಿ ಟ್ಯಾಂಕ್ 50 ಲೀಟರ್ ಇಳಿಯಬೇಕು. ಆದರೆ ಇದು ಪಂಪನ್ನು ಹಿಡಿಯುತ್ತದೆ, ಮೀಟರನ್ನಲ್ಲ. ಮೀಟರನ್ನು ಹಿಡಿಯಲು ತಿಂಗಳಿಗೊಮ್ಮೆ ಡ್ರಮ್ಮೇ ಬೇಕು.

ನಾಗಮಂಗಲ_ಬೋರ್‌ವೆಲ್

ಸರಿ, ವೆಂಚುರಿ ಮಾತು ವಾಪಸ್ ತಗೊಂಡೆ. ಹಾಗಾದರೆ ಚಕ್ರವೇ ಇಲ್ಲದ ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್ ಹಾಕಿದರೆ ಈ ಉಪದ್ರವ ಇರಲ್ವಾ?

ಹೂಟಗಳ್ಳಿ_ಮೆಂಟೆನೆನ್ಸ್

ಸವೆಯುವುದು ತಪ್ಪುತ್ತದೆ, ನೋಡಿಕೊಳ್ಳುವುದು ತಪ್ಪಲ್ಲ. ಒಳಗಿನ ಎಲೆಕ್ಟ್ರೋಡ್ ಮೇಲೆ ಸುಣ್ಣದ ಪೊರೆ ಕಟ್ಟಿದರೆ ಅದೂ ತಡವರಿಸುತ್ತದೆ. ಪೈಪ್ ಪೂರ್ತಿ ತುಂಬಿರಲೇಬೇಕು. ಪಿವಿಸಿ ಲೈನಿನಲ್ಲಿ ಹಾಕಿದರೆ ನೀರಿಗೆ ಅರ್ತ್ ಸಿಗಲು ಗ್ರೌಂಡಿಂಗ್ ರಿಂಗ್ ಬೇಕು, ಇಲ್ಲದಿದ್ದರೆ ಮೋಟರ್ ಹಾಕಿದಾಗಲೆಲ್ಲ ಸಂಖ್ಯೆ ಕುಣಿಯುತ್ತದೆ. ಗಡಸು ಬೋರ್ ನೀರಿಗೆ, ದುಡ್ಡಿದ್ದರೆ, ನಾನು ಅದನ್ನೇ ಹಾಕಿಸುತ್ತೇನೆ. ಅರ್ಧ ಎಕರೆಗೆ ದುಬಾರಿ ಆಯಿತು.

ಪಾಂಡವಪುರ_ಪಾಲಿಹೌಸ್

ಕೊನೇ ಪ್ರಶ್ನೆ. ಬೇಸಿಗೆಯಲ್ಲಿ ಬೋರ್ ಸೋತಾಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರನ್ನೂ ತೊಟ್ಟಿಗೆ ಬಿಟ್ಟುಕೊಳ್ಳುತ್ತೇನೆ. ಡಿಸ್ಕ್ ಫಿಲ್ಟರ್ 120 ಮೆಶ್ ಇದೆ, ಮೀಟರಿಗೆ ಸಾಕಾ?

ಕ್ಯಾಪ್ಸಿಕಂ_ಅಕ್ಕ

ಮೆಶ್ ಸಾಕು, 130 ಮೈಕ್ರಾನ್ ಆಯಿತು. ಆದರೆ ನಾಲೆ ನೀರಿನ ತೊಟ್ಟಿಯಲ್ಲಿ ಪಾಚಿ ಬೆಳೆಯುತ್ತದೆ, ಡಿಸ್ಕ್ ಬೇಗ ಕಟ್ಟುತ್ತದೆ. ಅದಕ್ಕೆ ಮೊದಲು ಸ್ಯಾಂಡ್ ಫಿಲ್ಟರ್ ಇದ್ದರೆ ಒಳ್ಳೆಯದು. ಫುಟ್ ವಾಲ್ವ್ ತಳಕ್ಕೆ ಬಿಡದೆ ಒಂದೆರಡು ಅಡಿ ಮೇಲೆ ತೂಗುಹಾಕಿ, ಕೆಸರು ಎಳೆಯುವುದಿಲ್ಲ. ಫಿಲ್ಟರಿನ ಹಿಂದೆ ಮುಂದೆ ಎರಡು ಒತ್ತಡದ ಗೇಜ್ ಹಾಕಿ. ಒತ್ತಡದ ವ್ಯತ್ಯಾಸ ತೊಳೆದ ದಿನಕ್ಕಿಂತ ಅರ್ಧ ಕೆಜಿ (ಚದರ ಸೆಂ.ಮೀ.ಗೆ) ಜಾಸ್ತಿ ಆದರೆ ಬಿಚ್ಚಿ ತೊಳೆಯಿರಿ. ಇನ್ನೊಂದು, ನೀರು ಬದಲಾದ ದಿನ ಬರೀ ನೀರಿನ ಇಸಿ ಮತ್ತೆ ಅಳೆಯಿರಿ. ನಾಲೆ ನೀರಿನದು ಬೋರಿನ 0.7ಕ್ಕಿಂತ ಕಮ್ಮಿ ಬಂದರೆ 2.0 ತಲುಪಲು ಡೋಸ್ ಸ್ವಲ್ಪ ಏರಿಸಬೇಕಾಗುತ್ತದೆ. ಆಗ ಮೀಟರ್ ಮೇಲೆ ಅನುಮಾನ ಪಡಬೇಡಿ.